ಬಾನೆಟ್ ತೆರೆದಲ್ಲಿ ಶುರುವಾಗುವ ಕಥೆ

(ಮೈಸೂರಿನಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಾನಿವತ್ತು ಮಾತಾಡಲಿರುವುದು ‘ಜಲೋಪಿ’ ಎಂಬ ಕಂಪ್ಯೂಟರ್ ಗೇಮ್ ಬಗ್ಗೆ. ಇದನ್ನು ಮಾಡಿದವರು ಗ್ರೆಗ್ ಪ್ರಿಜ್ಮಚುಕ್. ಮೊದಲು ಫಾರ್ಮುಲಾ ಒನ್ ರೇಸಿಂಗ್ ಆಟಗಳನ್ನು ತಯಾರಿಸುವ ತಂಡದಲ್ಲಿದ್ದರು. ಅಲ್ಲಿಂದ ಹೊರಬಂದು ‘ಮಿನ್ಸ್ಕ್‌ವರ್ಕ್ಸ್’ ಎಂಬ ಹೆಸರಿನಲ್ಲಿ ಹೆಚ್ಚುಕಡಿಮೆ ಒಂಟಿಯಾಗಿಯೇ ಈ ಆಟ ಕಟ್ಟಿದರು. 2016ರಲ್ಲಿ ಇನ್ನೂ ಪೂರ್ತಿಯಾಗದ ರೂಪದಲ್ಲೇ ಆಟಗಾರರ ಕೈಗೆ ಸಿಕ್ಕಿತು, 2018ರ ಮಾರ್ಚ್‌ನಲ್ಲಿ ಪೂರ್ಣರೂಪದಲ್ಲಿ ಬಂತು. ಜಗತ್ತಿನ ಅತಿ ವೇಗದ ಕಾರುಗಳ ಜೊತೆ ಕೆಲಸ ಮಾಡಿದವರೊಬ್ಬರು ಗಂಟೆಗೆ ನೂರು ಕಿಲೋಮೀಟರ್ ಮುಟ್ಟಲು ಏದುಸಿರು ಬಿಡುವ ಕಾರನ್ನು ಆರಿಸಿಕೊಂಡರಲ್ಲ, ಅದೇ ನನ್ನನ್ನು ಮೊದಲು ಈ ಆಟದತ್ತ ಎಳೆದದ್ದು.

ಕಥೆ ಚಿಕ್ಕದು. ಕಮ್ಯುನಿಸ್ಟ್ ಪೂರ್ವ ಜರ್ಮನಿಯ ಜನ ಪಶ್ಚಿಮಕ್ಕೆ ಹೋಗದಂತೆ ತಡೆದಿದ್ದ ಬರ್ಲಿನ್ ಗೋಡೆ ಬಿದ್ದ ಹೊಸತು. ಪೂರ್ವ ಜರ್ಮನಿಯಲ್ಲಿರುವ ನೀವು ಲುಟ್ಫಿ ಎಂಬ ನಿಮ್ಮ ಅಂಕಲ್ಲನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹಳೇ ಕಾರೊಂದರಲ್ಲಿ ಬರ್ಲಿನ್‌ನಿಂದ ಇಸ್ತಾಂಬುಲ್‌ಗೆ ಹೊರಡುತ್ತೀರಿ. ಡ್ರೆಸ್ಡೆನ್, ಅಲ್ಲಿಂದ ಚೆಕೊಸ್ಲೊವಾಕಿಯ, ಹಂಗೆರಿ, ಯುಗೊಸ್ಲಾವಿಯ, ಬಲ್ಗೇರಿಯ, ಕೊನೆಗೆ ಟರ್ಕಿ. ದಾರಿಯುದ್ದಕ್ಕೂ ಗುಂಡಿನ ಸದ್ದಿಲ್ಲ, ಬೆನ್ನಟ್ಟುವವರಿಲ್ಲ, ಪೈಪೋಟಿ ಇಲ್ಲ. ಹಗಲು ಕಾರು ಓಡಿಸುವುದು, ಕತ್ತಲಾದರೆ ಊರಿನ ಲಾಡ್ಜ್‌ನಲ್ಲಿ ಮಲಗುವುದು, ಬೆಳಿಗ್ಗೆ ಎದ್ದು ಮತ್ತೆ ಹೊರಡುವುದು.

ಇಷ್ಟು ಕೇಳಿದವರು ‘ಇದರಲ್ಲಿ ಆಟ ಎಲ್ಲಿದೆ?’ ಎನ್ನುತ್ತಾರೆ. ಆಟ ಇರುವುದು ಬಾನೆಟ್ ಕೆಳಗೆ. ಕುಟುಂಬದ ಕಥೆಯೂ ಅಲ್ಲೇ ಇದೆ ಅನ್ನುವುದು ನನ್ನ ವಾದ. ಲುಟ್ಫಿ ಆಡುವ ಮಾತುಗಳಿಗಿಂತ, ಆತ ಸುರಕ್ಷಿತವಾಗಿ ಊರು ಮುಟ್ಟಲಿ ಎಂದು ನೀವು ಆ ಕಾರಿಗೆ ಮಾಡುವ ಆರೈಕೆ ಹೆಚ್ಚು ಹೇಳುತ್ತದೆ.

ಮೊದಲು ಕಾರನ್ನು ನೋಡೋಣ. ಆಟದಲ್ಲಿ ಅದರ ಹೆಸರು ಲೈಕಾ 601 ಡಿಲಕ್ಸ್. ಹೆಸರು ಕಲ್ಪನೆಯದು, ಕಾರು ಕಲ್ಪನೆಯದಲ್ಲ. ಪೂರ್ವ ಜರ್ಮನಿಯ ಟ್ರಬಾಂಟ್ 601 ಕಂಡವರು ಒಂದೇ ನೋಟಕ್ಕೆ ಗುರುತು ಹಿಡಿಯುತ್ತಾರೆ. ಸ್ವಿಕಾವ್ ಎಂಬ ಊರಿನ ಕಾರ್ಖಾನೆಯಲ್ಲಿ 1957ರಿಂದ 1991ರವರೆಗೆ ಸುಮಾರು 30 ಲಕ್ಷ ಟ್ರಬಾಂಟ್‌ಗಳು ತಯಾರಾದವು. 601 ಮಾದರಿ ಬಂದದ್ದು ಅರವತ್ತರ ದಶಕದ ಮೊದಲ ಭಾಗದಲ್ಲಿ. ಅಲ್ಲಿಂದ ಮುಂದಿನ ಕಾಲು ಶತಮಾನ ಅದರ ರೂಪ ಬದಲಾದದ್ದು ಬಹಳ ಕಡಿಮೆ. ಎಂಜಿನ್ 600 ಸಿಸಿಗೂ ತುಸು ಕಡಿಮೆ, ಎರಡು ಸಿಲಿಂಡರ್, ಟೂ ಸ್ಟ್ರೋಕ್, 26 ಹಾರ್ಸ್‌ಪವರ್. ಗಾಳಿಯಿಂದಲೇ ತಣಿಯುವ ಎಂಜಿನ್ ಆದ್ದರಿಂದ ರೇಡಿಯೇಟರ್ ಇಲ್ಲ. ಪೆಟ್ರೋಲ್ ಟ್ಯಾಂಕ್ ಬಾನೆಟ್ ಒಳಗೇ, ಎಂಜಿನ್ನಿಗಿಂತ ಎತ್ತರದಲ್ಲಿರುವುದರಿಂದ ಪೆಟ್ರೋಲ್ ತಾನಾಗಿಯೇ ಕೆಳಗಿಳಿಯುತ್ತದೆ, ಫ್ಯುಯೆಲ್ ಪಂಪ್ ಬೇಕಿಲ್ಲ. ಬಹುಪಾಲು ಕಾರುಗಳಲ್ಲಿ ಪೆಟ್ರೋಲ್ ಮೀಟರ್ ಕೂಡ ಇರಲಿಲ್ಲ. ಟ್ಯಾಂಕಿನೊಳಗೆ ಅಳತೆ ಕಡ್ಡಿ ಇಳಿಸಿ ನೋಡಬೇಕು. ಮುಗಿಯುತ್ತಾ ಬಂದರೆ ಕಾರಿನೊಳಗಿನ ಟ್ಯಾಪನ್ನು ರಿಸರ್ವ್‌ಗೆ ತಿರುಗಿಸಬೇಕು.

ಹೊರಮೈ ಬಗ್ಗೆ ಒಂದು ಮಾತು. ತಗಡು ಆಮದು ಮಾಡಿಕೊಳ್ಳುವುದು ಪೂರ್ವ ಜರ್ಮನಿಗೆ ಕಷ್ಟವಿತ್ತು. ಹಾಗಾಗಿ ಸೋವಿಯತ್ ಒಕ್ಕೂಟದಿಂದ ಬರುತ್ತಿದ್ದ ಹತ್ತಿಯ ಕಸವನ್ನು ಫಿನಾಲ್ ರಾಳದ ಜೊತೆ ಸೇರಿಸಿ, ಬಿಸಿ ಮಾಡಿ ಒತ್ತಿ, ಡ್ಯೂರೋಪ್ಲಾಸ್ಟ್ ಎಂಬ ಗಟ್ಟಿ ಹಲಗೆ ಮಾಡಿ ಅದನ್ನೇ ಬಾಗಿಲು, ಬಾನೆಟ್, ಮಡ್‌ಗಾರ್ಡ್‌ಗಳಿಗೆ ಬಳಸಿದರು. ಇದಕ್ಕೆ ತುಕ್ಕು ಹಿಡಿಯುವುದಿಲ್ಲ. ಒಳಗಿನ ಉಕ್ಕಿನ ಚೌಕಟ್ಟಿಗೆ ಹಿಡಿಯುತ್ತದೆ.

ಈ ಕಾರನ್ನು ಪಶ್ಚಿಮದವರು ನಗೆಪಾಟಲು ಮಾಡಿದ್ದಾರೆ, ಇವತ್ತಿಗೂ ಮಾಡುತ್ತಾರೆ. ಹೊಗೆ ಕಾರುತ್ತಿತ್ತು ನಿಜ, ಅಪಘಾತವಾದರೆ ಒಳಗಿದ್ದವರಿಗೆ ರಕ್ಷಣೆ ಕಡಿಮೆ ಅನ್ನುವುದೂ ನಿಜ. ಆದರೆ ಹೆಸರು ಬರೆಸಿ ಹತ್ತು ವರ್ಷಕ್ಕೂ ಹೆಚ್ಚು ಕಾದು ಪಡೆದ ಕಾರು ಅದು. ಕಾಯುವ ಪಟ್ಟಿ ಅಷ್ಟು ಉದ್ದವಿದ್ದುದರಿಂದ ಹಳೇ ಕಾರಿಗೆ ಹೊಸದಕ್ಕಿಂತ ಜಾಸ್ತಿ ಬೆಲೆ ಇತ್ತು. ಸ್ಪೇರ್ ಪಾರ್ಟ್ಸ್ ಬೇಕೆಂದಾಗ ಸಿಗುತ್ತಿರಲಿಲ್ಲ. ಸಿಕ್ಕಾಗ ಕೊಂಡು ಮನೆಯಲ್ಲಿಟ್ಟುಕೊಳ್ಳಬೇಕು, ರಿಪೇರಿಯನ್ನು ತಾವೇ ಕಲಿಯಬೇಕು. ಸಿಲಿಂಡರಿನೊಳಗೆ ಹಿಂದೆಮುಂದೆ ಓಡುವ ಪಿಸ್ಟನ್ ಎರಡು, ಕನೆಕ್ಟಿಂಗ್ ರಾಡ್ ಎರಡು, ಆ ಓಟವನ್ನು ತಿರುಗುವಿಕೆಯಾಗಿ ಬದಲಿಸುವ ಕ್ರ್ಯಾಂಕ್‌ಶಾಫ್ಟ್ ಒಂದು: ಎಂಜಿನ್ನಿನಲ್ಲಿ ಮುಖ್ಯವಾಗಿ ಚಲಿಸುವ ಭಾಗಗಳು ಇಷ್ಟೇ. ಬಿಚ್ಚಿ ಜೋಡಿಸಲು ಆಗುವಂಥದ್ದು. ಹಾಗಾಗಿ ಕಾರನ್ನು ಸುಸ್ಥಿತಿಯಲ್ಲಿಡುವುದು ಮನೆಮಂದಿಗೆಲ್ಲ ಹಂಚಿಹೋದ ಕೆಲಸವಾಗಿತ್ತು. ಪ್ರಿಜ್ಮಚುಕ್ ಕುಟುಂಬದ ಕಥೆ ಹೇಳಲು ಇದೇ ಕಾರನ್ನು ಹಿಡಿದದ್ದು ಎಷ್ಟು ಸರಿಯಾದ ಆಯ್ಕೆ ನೋಡಿ.

ಈಗ ಆಟದೊಳಗೆ ಬರೋಣ. ಹೊರಡುವ ಮುನ್ನವೇ ಕಾರನ್ನು ಸಜ್ಜು ಮಾಡಬೇಕು. ಬಾನೆಟ್ ಎತ್ತಿದರೆ ಎಂಜಿನ್, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬರೇಟರ್, ಇಗ್ನಿಷನ್ ಕಾಯಿಲ್, ಏರ್ ಫಿಲ್ಟರ್, ಬ್ಯಾಟರಿ, ಪೆಟ್ರೋಲ್ ಟ್ಯಾಂಕ್ ಎಲ್ಲವೂ ಬಿಡಿಬಿಡಿಯಾಗಿ ಕಾಣುತ್ತವೆ. ಪ್ರತಿಯೊಂದೂ ಬೇರೆಬೇರೆಯಾಗಿ ಸವೆಯುತ್ತದೆ. ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ತೆಗೆಯಬಹುದು, ರಿಪೇರಿ ಮಾಡಬಹುದು, ಅಂಗಡಿಯಿಂದ ಬೇರೆಯದನ್ನು ತಂದು ಕೂರಿಸಬಹುದು. ಬೇರೆ ಆಟಗಳಲ್ಲಾದರೆ ಒಂದು ಬಟನ್ ಒತ್ತಿದರೆ ಗಾಡಿ ಸರಿಯಾಗುತ್ತದೆ. ಇಲ್ಲಿ ಬಾಗಿಲು ತೆರೆಯಲು ಒಂದು ಕ್ರಿಯೆ, ಕೀ ತಿರುಗಿಸಲು ಒಂದು, ಹ್ಯಾಂಡ್‌ಬ್ರೇಕ್ ಇಳಿಸಲು ಮತ್ತೊಂದು. ವೈಪರ್ ನೀವೇ ಹಾಕಬೇಕು, ಹೆಡ್‌ಲೈಟ್ ನೀವೇ ಹಾಕಬೇಕು. ಮಣ್ಣು ಮೆತ್ತಿದ ಕಾರನ್ನು ನೀರು, ಸ್ಪಂಜು ಹಿಡಿದು ನೀವೇ ತೊಳೆಯಬೇಕು.

ಪೆಟ್ರೋಲ್ ಹಾಕುವುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಟೂ ಸ್ಟ್ರೋಕ್ ಎಂಜಿನ್ನಿಗೆ ಬರೀ ಪೆಟ್ರೋಲ್ ಸಾಲದು. ಕ್ರ್ಯಾಂಕ್‌ಶಾಫ್ಟ್ ಮತ್ತು ಪಿಸ್ಟನ್ನಿಗೆ ಬೇಕಾದ ಜಿಡ್ಡು ಪೆಟ್ರೋಲಿನ ಜೊತೆಯಲ್ಲೇ ಹೋಗಬೇಕು. ನಿಜವಾದ ಟ್ರಬಾಂಟ್‌ನಲ್ಲಿ ಮೊದಲು 33 ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್ ಇತ್ತು. 1974ರ ಸುಮಾರಿಗೆ ಬೇರಿಂಗ್‌ಗಳು ಸುಧಾರಿಸಿದ ಮೇಲೆ 50ಕ್ಕೆ ಒಂದು ಆಯಿತು. ಆಯಿಲ್ ಕಡಿಮೆಯಾದರೆ ಎಂಜಿನ್ ಜಾಮ್, ಜಾಸ್ತಿಯಾದರೆ ಹೊಗೆ, ಪ್ಲಗ್ ಮಸಿ. ಆಟದಲ್ಲೂ ಬಂಕಿನ ಮುಂದೆ ಕಾರು ನಿಲ್ಲಿಸಿ, ಬಾನೆಟ್ ಎತ್ತಿ, ಪೈಪು ಹಿಡಿದು ಪೆಟ್ರೋಲ್ ತುಂಬಿ, ಅಂಗಡಿಯೊಳಗೆ ಹೋಗಿ ಆಯಿಲ್ ಬಾಟಲಿ ತಂದು ಅಳತೆ ನೋಡಿ ಸುರಿಯಬೇಕು. ಜೇಬಿನಲ್ಲಿರುವ ದುಡ್ಡು ಕಡಿಮೆ. ಆಯಿಲ್‌ಗೆ ಕೊಟ್ಟರೆ ರಾತ್ರಿಯ ಲಾಡ್ಜ್‌ಗೆ ಸಾಲುತ್ತದೆಯೇ, ಮುಂದಿನ ಊರಿನಲ್ಲಿ ಟೈರ್ ಬೇಕಾದರೆ ಏನು ಮಾಡುವುದು ಎಂಬ ಲೆಕ್ಕ ತಲೆಯಲ್ಲಿ ಓಡುತ್ತಿರುತ್ತದೆ. ಲುಟ್ಫಿ ಅಲ್ಲೇ ಇರುತ್ತಾನೆ, ಕೈ ಜೋಡಿಸುವುದಿಲ್ಲ. ಕೆಲಸವೆಲ್ಲ ನಿಮ್ಮದೇ.

ಕೆಲವು ಆಟಗಾರರಿಗೆ ಇದು ಸಿಟ್ಟು ತರಿಸುತ್ತದೆ. ಮುದುಕ ಸುಮ್ಮನೆ ಕೂತಿದ್ದಾನಲ್ಲ ಅಂತ. ನನಗೆ ಹಾಗೆ ಅನಿಸಲಿಲ್ಲ. ಮನೆಯ ಹಿರಿಯರನ್ನು ದೂರದ ಊರಿಗೆ ಕರೆದುಕೊಂಡು ಹೋದವರಿಗೆ ಇದು ಗೊತ್ತು. ಗಾಡಿ ಓಡಿಸುತ್ತಾ ಕಿವಿಯೊಂದು ಎಂಜಿನ್ ಸದ್ದಿನ ಮೇಲೆ, ಇನ್ನೊಂದು ಪಕ್ಕದಲ್ಲಿ ಕೂತವರ ಉಸಿರಿನ ಮೇಲೆ ಇರುತ್ತದೆ. ಅವರಿಗೆ ಸುಸ್ತಾಯಿತೇ, ನಿಲ್ಲಿಸಬೇಕೇ, ಕತ್ತಲಾಗುವ ಮೊದಲು ಸೇರುತ್ತೇವೆಯೇ ಎಂಬ ಯೋಚನೆ ಬಿಡುವುದಿಲ್ಲ. ಬಾಯಲ್ಲಿ ಆಡುವ ಮಾತು ಮಾತ್ರ ದಾರಿ, ಊಟ, ಟೈರಿನ ಗಾಳಿ ಇಷ್ಟೇ. ಒಬ್ಬರ ಜವಾಬ್ದಾರಿ ಹೊತ್ತುಕೊಂಡಿರುವ ಆ ಭಾರವನ್ನು ಆಟಗಾರನ ಕೈಗೇ ಕೊಟ್ಟಿರುವುದು ಈ ಆಟದ ದೊಡ್ಡ ಸಾಧನೆ. ಲುಟ್ಫಿಯೇ ಇಳಿದು ಸ್ಪ್ಯಾನರ್ ಹಿಡಿದಿದ್ದರೆ ಆ ಭಾರ ಅರ್ಧ ಕರಗಿಹೋಗುತ್ತಿತ್ತು.

ಪಂಕ್ಚರ್ ಆದಾಗ ಇದು ಚೆನ್ನಾಗಿ ತಿಳಿಯುತ್ತದೆ. ಮಳೆ ಹೊಯ್ಯುತ್ತಿರುತ್ತದೆ. ಕಾರು ಒಂದು ಕಡೆಗೆ ಎಳೆಯಲು ಶುರು ಮಾಡುತ್ತದೆ. ಪಕ್ಕಕ್ಕೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಇಳಿದು ಹಿಂದೆ ಹೋಗಿ ಡಿಕ್ಕಿ ತೆರೆಯುತ್ತೀರಿ. ಡಿಕ್ಕಿಯ ತುಂಬ ಮಾರಲು ಇಟ್ಟುಕೊಂಡ ಪೆಟ್ಟಿಗೆಗಳು, ಅವುಗಳ ನಡುವೆ ಜಾಕಿ. ಅದನ್ನು ತಂದು ಕಾರಿನಡಿ ಇಟ್ಟು ಎತ್ತಿ, ಚಕ್ರ ಕಳಚಿ, ಪಂಕ್ಚರ್ ಹಾಕಿ, ಮತ್ತೆ ಕೂರಿಸಿ ಇಳಿಸುತ್ತೀರಿ. ಜಾಕಿಯನ್ನು ನೆನಪಿನಿಂದ ವಾಪಸ್ ಡಿಕ್ಕಿಗೆ ಹಾಕಬೇಕು, ಮರೆತರೆ ಅದು ರಸ್ತೆಯ ಪಾಲು. ಒಳಗೆ ಬಂದು ಕೂತು ಕೀ ತಿರುಗಿಸಿದಾಗ ಆ ಟೂ ಸ್ಟ್ರೋಕ್ ಎಂಜಿನ್ ಪಟಪಟ ಅಂತ ಹತ್ತಿಕೊಳ್ಳುತ್ತದಲ್ಲ, ಆಗ ಆಗುವ ಸಮಾಧಾನ ಯಾವ ರೇಸ್ ಗೆದ್ದರೂ ಆಗುವುದಿಲ್ಲ.

ಸಂಪಾದನೆಯ ದಾರಿಯನ್ನೂ ಹೇಳಿಬಿಡುತ್ತೇನೆ. ರಸ್ತೆಬದಿಯಲ್ಲಿ ಬಿದ್ದ ಪೆಟ್ಟಿಗೆಗಳಲ್ಲಿ ಸಿಗುವ ಸಾಮಾನನ್ನು ಒಂದು ದೇಶದಲ್ಲಿ ಎತ್ತಿಕೊಂಡು ಬೆಲೆ ಹೆಚ್ಚಿರುವ ಇನ್ನೊಂದು ದೇಶದಲ್ಲಿ ಮಾರಬಹುದು. ಕೆಲವು ಸಾಮಾನು ಕೆಲವು ದೇಶಗಳಲ್ಲಿ ನಿಷಿದ್ಧ. ಗಡಿಯಲ್ಲಿ ಕಾವಲುಗಾರ ಡಿಕ್ಕಿ ತೆರೆಸಿ ನೋಡುತ್ತಾನೆ. ಹೆಚ್ಚು ಹೇರಿದರೆ ದುಡ್ಡು ಹೆಚ್ಚು, ಆದರೆ ಭಾರಕ್ಕೆ ಕಾರು ಬಳಲುತ್ತದೆ, ಪೆಟ್ರೋಲ್ ಕುಡಿಯುತ್ತದೆ.

ಈ ಗಡಿಗಳ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಆಟ ಮೌನವಾಗಿ ದಾಟಿಸುವ ಚರಿತ್ರೆ ಇಲ್ಲಿದೆ.

ಪೂರ್ವ ಜರ್ಮನಿಯವರಿಗೆ ಕಾರು ಪ್ರವಾಸ ಹೊಸದೇನಲ್ಲ. 1972ರಿಂದ ಚೆಕೊಸ್ಲೊವಾಕಿಯಕ್ಕೆ ವೀಸಾ ಬೇಕಿರಲಿಲ್ಲ. ಬೇಸಿಗೆಯಲ್ಲಿ ಟ್ರಬಾಂಟ್ ಮೇಲೆ ಟೆಂಟ್ ಕಟ್ಟಿಕೊಂಡು ಹಂಗೆರಿಯ ಬಾಲಟನ್ ಸರೋವರಕ್ಕೆ, ಬಲ್ಗೇರಿಯದ ಕಪ್ಪು ಸಮುದ್ರದ ತೀರಕ್ಕೆ ಮನೆಮಂದಿಯೆಲ್ಲ ಹೋಗುತ್ತಿದ್ದರು. ಯುಗೊಸ್ಲಾವಿಯಕ್ಕೆ ಅನುಮತಿ ಸಿಗುವುದು ಕಷ್ಟ, ಏಕೆಂದರೆ ಅಲ್ಲಿಂದ ಪಶ್ಚಿಮಕ್ಕೆ ಜಾರುವುದು ಸುಲಭ. ಪಶ್ಚಿಮದ ಸೇನಾ ಒಕ್ಕೂಟವಾದ ನ್ಯಾಟೋದ ಸದಸ್ಯ ದೇಶ ಟರ್ಕಿಯ ಮಾತಂತೂ ದೂರ. ಅಂದರೆ ಬರ್ಲಿನ್‌ನಿಂದ ಇಸ್ತಾಂಬುಲ್‌ಗೆ ಸ್ವಂತ ಕಾರಿನಲ್ಲಿ ಹೋಗುವುದು ಅಲ್ಲಿನ ಸಾಮಾನ್ಯ ಮನುಷ್ಯನಿಗೆ ಸಾಧ್ಯವಾದದ್ದು ಗೋಡೆ ಬಿದ್ದ ಮೇಲೆಯೇ.

ಆ ಗೋಡೆ ಬೀಳುವುದರಲ್ಲೂ ಈ ಕಾರಿನ ಪಾತ್ರವಿದೆ. 1989ರ ಬೇಸಿಗೆಯಲ್ಲಿ ಹಂಗೆರಿಗೆ ರಜೆಗೆಂದು ಹೋದವರು ಹಿಂತಿರುಗಲಿಲ್ಲ. ಸೆಪ್ಟೆಂಬರ್ 11ರಂದು ಹಂಗೆರಿ ಆಸ್ಟ್ರಿಯಾ ಕಡೆಯ ಗಡಿ ತೆರೆದಾಗ ಸಾಲುಸಾಲು ಟ್ರಬಾಂಟ್‌ಗಳು ಪಶ್ಚಿಮಕ್ಕೆ ದಾಟಿದವು. ಅದೇ ಹೊತ್ತಿಗೆ ಪ್ರಾಗ್‌ನಲ್ಲಿ ಸಾವಿರಾರು ಜನ ಪಶ್ಚಿಮ ಜರ್ಮನಿಯ ರಾಯಭಾರ ಕಚೇರಿಯ ತೋಟದಲ್ಲಿ ಆಶ್ರಯ ಪಡೆದರು. ಅವರು ಬಿಟ್ಟುಹೋದ ಕಾರುಗಳು ಪ್ರಾಗ್‌ನ ಬೀದಿಗಳಲ್ಲಿ ನಿಂತೇ ಇದ್ದವು. ಹತ್ತು ವರ್ಷ ಕಾದು ಪಡೆದದ್ದನ್ನು ಬೀದಿಯಲ್ಲಿ ಬಿಟ್ಟು ನಡೆಯಬೇಕಾದರೆ ಮನಸ್ಸು ಎಷ್ಟು ಗಟ್ಟಿಯಾಗಿರಬೇಕು. ನವೆಂಬರ್ 9ರಂದು ಗೋಡೆ ತೆರೆಯಿತು. 1990ರ ಜುಲೈ 1ರಂದು ಪಶ್ಚಿಮದ ಮಾರ್ಕ್ ಪೂರ್ವದ ನಾಣ್ಯವೂ ಆಯಿತು, ಅಕ್ಟೋಬರ್ 3ರಂದು ಪೂರ್ವ ಜರ್ಮನಿ ಎಂಬ ದೇಶವೇ ಇಲ್ಲವಾಯಿತು. ಪಶ್ಚಿಮದ ಸೆಕೆಂಡ್‌ಹ್ಯಾಂಡ್ ಕಾರುಗಳು ನುಗ್ಗಿ ಬಂದವು. ಫೋಕ್ಸ್‌ವ್ಯಾಗನ್ ಎಂಜಿನ್ ಹಾಕಿ ಟ್ರಬಾಂಟ್ ಉಳಿಸಿಕೊಳ್ಳುವ ಪ್ರಯತ್ನ ನಡೆಯಿತು, ಹೆಚ್ಚು ಜನ ಕೊಳ್ಳಲಿಲ್ಲ. 1991ರ ಏಪ್ರಿಲ್ 30ಕ್ಕೆ ಕೊನೆಯ ಕಾರು ಹೊರಬಂತು.

ಇನ್ನು ನೀವು ದಾಟುವ ದೇಶಗಳು. 1991ರಲ್ಲಿ ಯುಗೊಸ್ಲಾವಿಯ ಯುದ್ಧದಲ್ಲಿ ಒಡೆಯಲು ಶುರುವಾಯಿತು. 1993ರ ಜನವರಿ 1ರಂದು ಚೆಕೊಸ್ಲೊವಾಕಿಯ ಎರಡಾಯಿತು. ಬಲ್ಗೇರಿಯದಲ್ಲಿ 1989ರ ಬೇಸಿಗೆಯಲ್ಲಿ ಅಲ್ಲಿನ ತುರ್ಕಿ ಮೂಲದ 3 ಲಕ್ಷಕ್ಕೂ ಹೆಚ್ಚು ಜನ ಸರ್ಕಾರದ ಒತ್ತಡಕ್ಕೆ ಸಿಕ್ಕಿ ಮನೆ ಬಿಟ್ಟು, ಕಾರಿನ ಮೇಲೆ ಹಾಸಿಗೆ ಪಾತ್ರೆ ಕಟ್ಟಿಕೊಂಡು ಟರ್ಕಿಯ ಗಡಿಗೆ ಬಂದಿದ್ದರು. ನೀವು ಲುಟ್ಫಿಯನ್ನು ಕೂರಿಸಿಕೊಂಡು ಹೋಗುತ್ತಿರುವುದೂ ಅದೇ ಗಡಿಯತ್ತ.

ಜರ್ಮನಿಗೂ ಟರ್ಕಿಗೂ ನಡುವೆ ಕಾರಿನಲ್ಲಿ ಓಡಾಡಿದವರ ಇನ್ನೊಂದು ದೊಡ್ಡ ಸಮೂಹವಿದೆ. 1961ರ ಅಕ್ಟೋಬರ್ 30ರಂದು ಪಶ್ಚಿಮ ಜರ್ಮನಿ ಮತ್ತು ಟರ್ಕಿ ನಡುವೆ ಕಾರ್ಮಿಕರನ್ನು ಕಳಿಸುವ ಒಪ್ಪಂದ ಆಯಿತು. ಹಾಗೆ ಹೋದವರು ಪ್ರತಿ ಬೇಸಿಗೆ ಆಸ್ಟ್ರಿಯಾ, ಯುಗೊಸ್ಲಾವಿಯ, ಬಲ್ಗೇರಿಯ ದಾಟಿ, ದಿನಗಟ್ಟಲೆ ಕಾರು ಓಡಿಸಿ, ಊರಿನವರಿಗೆಲ್ಲ ಸಾಮಾನು ಹೇರಿಕೊಂಡು ಟರ್ಕಿಯ ಎದಿರ್ನೆ ಊರಿನ ಬಳಿಯ ಕಪಿಕುಲೆ ಗಡಿ ಸೇರುತ್ತಿದ್ದರು. ಆ ದಾರಿಯಲ್ಲಿ ಅಪಘಾತಗಳೂ ಬಹಳ ಆದವು. ಲುಟ್ಫಿ ಎಂಬ ತುರ್ಕಿ ಹೆಸರಿನ ಹಿರಿಯನನ್ನು ಜರ್ಮನಿಯಿಂದ ಇಸ್ತಾಂಬುಲ್‌ಗೆ ಕಾರಿನಲ್ಲಿ ಕಳಿಸುವಾಗ ಆಟ ಈ ನೆನಪುಗಳನ್ನೆಲ್ಲ ಎಬ್ಬಿಸುತ್ತದೆ.

ಎಬ್ಬಿಸಿ ಅಲ್ಲಿಗೇ ಬಿಡುತ್ತದೆ ಅನ್ನುವುದೇ ನನ್ನ ತಕರಾರು. ಲುಟ್ಫಿಯ ಮಾತುಗಳು ತೆಳು. ಹೇಳಿದ್ದನ್ನೇ ಹೇಳುತ್ತಾನೆ, ಎಷ್ಟೋ ಹೊತ್ತು ಏನೂ ಹೇಳುವುದಿಲ್ಲ. ಮೌನ ಇರಲಿ, ನನಗೆ ಅದು ಇಷ್ಟವೇ. ಆದರೆ ಬಾಯಿ ತೆರೆದಾಗ ಅಷ್ಟು ವಯಸ್ಸಾದ, ಅಷ್ಟು ಗಡಿ ಕಂಡ ಮನುಷ್ಯ ಆಡುವ ಮಾತು ಬರಬೇಕಿತ್ತು. ರಸ್ತೆಗಳನ್ನು ಕಂಪ್ಯೂಟರ್ ತಾನೇ ಜೋಡಿಸುವುದರಿಂದ ಹಂಗೆರಿಯ ಬಯಲಿಗೂ ಬಲ್ಗೇರಿಯದ ಬೆಟ್ಟಕ್ಕೂ ಇರುವ ವ್ಯತ್ಯಾಸ ಪೂರ್ತಿ ಮೈಗೆ ಹತ್ತುವುದಿಲ್ಲ. ಒಬ್ಬರೇ ಮಾಡಿದ ಕೆಲಸದಲ್ಲಿ ಇಂಥ ಕೊರತೆ ಸಹಜ, ಆದರೂ ಕೊರತೆ ಕೊರತೆಯೇ. ಇಷ್ಟಾದರೂ ಆಟ ನಿಲ್ಲುವುದು ಆ ಕಾರಿನಿಂದ. ಬರೆಯಲು ಆಗದೇ ಹೋದದ್ದನ್ನು ಕಾರ್ಬರೇಟರ್‌ನಲ್ಲಿ ಹೇಳಿದ್ದಾರೆ ಪ್ರಿಜ್ಮಚುಕ್.

ಇದೇ ಕಾಲದಲ್ಲಿ ಫಿನ್‌ಲ್ಯಾಂಡ್‌ನಿಂದ ‘ಮೈ ಸಮ್ಮರ್ ಕಾರ್’ ಎಂಬ ಆಟವೂ ಬಂತು, 2016ರಲ್ಲೇ. 1995ರ ಬೇಸಿಗೆ, ಅಪ್ಪ ಅಮ್ಮ ಊರಲ್ಲಿಲ್ಲ, ಶೆಡ್ಡಿನಲ್ಲಿ ಬಿಡಿಭಾಗಗಳಾಗಿ ಬಿದ್ದಿರುವ ಕಾರನ್ನು ಹುಡುಗ ಬೋಲ್ಟ್ ಬೋಲ್ಟಾಗಿ ಜೋಡಿಸಬೇಕು. ಮೆಕ್ಯಾನಿಕ್ ಕೆಲಸದ ಆಳದಲ್ಲಿ ಅದು ‘ಜಲೋಪಿ’ಯನ್ನು ಮೀರಿಸುತ್ತದೆ. ಆದರೆ ಅಲ್ಲಿ ಕಾರು ಹುಡುಗನ ಸ್ವಾತಂತ್ರ್ಯಕ್ಕೆ. ಪಕ್ಕದ ಸೀಟು ಖಾಲಿಯಿದ್ದರೂ ಆಟ ನಡೆಯುತ್ತದೆ. ‘ಜಲೋಪಿ’ಯಲ್ಲಿ ಆ ಸೀಟು ಖಾಲಿಯಾದರೆ ಪ್ರಯಾಣಕ್ಕೆ ಕಾರಣವೇ ಇಲ್ಲ.

ಮೈಸೂರಿನಲ್ಲಿ ನಿಂತು ಈ ಆಟದ ಬಗ್ಗೆ ಮಾತಾಡಲು ನನಗೆ ಇನ್ನೊಂದು ಕಾರಣವೂ ಇತ್ತು. ನೀವು ಆಟದಲ್ಲಿ ದಾಟುವ ಆ ಚೆಕೊಸ್ಲೊವಾಕಿಯದಿಂದಲೇ ಜಾವಾ ಮೋಟರ್‌ಸೈಕಲ್ ಈ ಊರಿಗೆ ಬಂದದ್ದು. ಅರವತ್ತರ ದಶಕದ ಆರಂಭದಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿ ಶುರುವಾಯಿತು, ಎಪ್ಪತ್ತರ ದಶಕದಲ್ಲಿ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಟ್ರಬಾಂಟ್‌ನಂತೆ ಅದೂ ಟೂ ಸ್ಟ್ರೋಕ್. ಪೆಟ್ರೋಲಿಗೆ ಆಯಿಲ್ ಬೆರೆಸುವುದು, ಟ್ಯಾಪನ್ನು ರಿಸರ್ವ್‌ಗೆ ತಿರುಗಿಸುವುದು, ಪ್ಲಗ್ ಬಿಚ್ಚಿ ಮಸಿ ಉಜ್ಜುವುದು ಇದನ್ನೆಲ್ಲ ಇಲ್ಲಿ ಕೂತಿರುವ ಹಿರಿಯರಿಗೆ ನಾನು ವಿವರಿಸಬೇಕಾಗಿಯೇ ಇರಲಿಲ್ಲ. ಆಟದಲ್ಲಿ ಆಯಿಲ್ ಬಾಟಲಿ ಕೈಗೆತ್ತಿಕೊಂಡಾಗ ಇಪ್ಪತ್ತರ ಹರೆಯದ ಆಟಗಾರನಿಗೆ ಇದೇಕೆ ಎಂದು ತಿಳಿಯದೇ ಇರಬಹುದು, ಅವರ ತಂದೆಗೆ ತಿಳಿಯುತ್ತದೆ. ಅಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಆಡಿ ಎಂದು ನಾನು ಹೇಳುವುದು ಅದಕ್ಕೇ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

‘ಬೇಜಾರು ಬರುವುದಿಲ್ಲವೇ ಸರ್?’ ಎಂದು ಒಬ್ಬ ವಿದ್ಯಾರ್ಥಿ ಕೇಳಿದರು. ಬರುತ್ತದೆ. ಉದ್ದನೆಯ ಖಾಲಿ ರಸ್ತೆ, ಅದೇ ಎಂಜಿನ್ ಸದ್ದು. ಆದರೆ ದೂರ ಪ್ರಯಾಣದಲ್ಲಿ ಆ ಹೊತ್ತೂ ಇರಬೇಕು. ಆಗಲೇ ಕಿವಿ ಸೂಕ್ಷ್ಮವಾಗುವುದು, ಎಂಜಿನ್ ಸದ್ದಿನಲ್ಲಿ ಸಣ್ಣ ಬದಲಾವಣೆ ಆದರೂ ಗೊತ್ತಾಗುವುದು. ದಿನಕ್ಕೆ ಒಂದು ಊರಿನಷ್ಟು ದಾರಿ ಸಾಗಿ ನಿಲ್ಲಿಸಿ. ಒಂದೇ ಏಟಿಗೆ ಇಸ್ತಾಂಬುಲ್ ಮುಟ್ಟುವ ಹಟ ಬೇಡ.

‘ನಮ್ಮಲ್ಲಿ ಇಂಥ ಆಟ ಬರಬಹುದೇ?’ ಎಂಬುದು ಇನ್ನೊಂದು. ಒಬ್ಬರೇ ಕೂತು ‘ಜಲೋಪಿ’ ಮಾಡಿದ್ದಾರೆ ಅಂದ ಮೇಲೆ ಇಲ್ಲಿಯೂ ಆಗಬಹುದು. ಮೈಸೂರಿನಿಂದ ಯೆಜ್ಡಿ ಮೇಲೆ ಅಜ್ಜನನ್ನು ಹಿಂದೆ ಕೂರಿಸಿಕೊಂಡು ಹೊರಡುವ ಆಟ ಯಾರಾದರೂ ಮಾಡುವುದಾದರೆ, ಅವರು ಮೊದಲು ಹಳೇ ಮೆಕ್ಯಾನಿಕ್ ಒಬ್ಬರ ಪಕ್ಕ ಕೂತು ಕೆಲಸ ನೋಡಬೇಕು. ಜಾವಾದಲ್ಲಿ ಕಿಕ್ ಹೊಡೆಯುವ ಲಿವರೇ ಗೇರ್ ಹಾಕುವ ಲಿವರ್ ಕೂಡ. ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಗಾಡಿ ಸ್ಟಾರ್ಟ್ ಆದ ಮೇಲೆ ಮತ್ತೆ ಮುಂದಕ್ಕೆ ಬಂದರೆ ಗೇರ್. ಇಂಥ ವಿವರ ಆಟಗಾರನ ಬೆರಳಿಗೆ ಸಿಗಬೇಕು. ಸಭೆಯ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು, ತಮ್ಮ ಗಾಡಿ ಈಗಲೂ ಓಡುತ್ತದೆ, ಬೇಕಾದವರು ಬಂದು ಬಿಚ್ಚಿ ನೋಡಬಹುದು ಎಂದರು. ಪ್ರಶ್ನೆ ಕೇಳಿದವರು ಆಗಲೇ ಅವರ ಫೋನ್ ನಂಬರ್ ಬರೆದುಕೊಂಡರು.